ಮೂವತ್ತು ಮಕ್ಕಳು, ಒಂದು ಡಬ್ಬಿ ಅಂಟು: ಕಡಿಮೆ ಖರ್ಚಿನ ಕ್ವಿಲ್ಲಿಂಗ್ ತರಗತಿಯ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಹಳ್ಳಿಯ ಗ್ರಂಥಾಲಯದಲ್ಲಿ, ಬೇಸಿಗೆ ರಜೆಯ ಶಿಬಿರದ ಹೊತ್ತಿನಲ್ಲಿ. ಊರಿನ ಹೆಸರನ್ನೂ ಅಲ್ಲಿದ್ದವರ ಹೆಸರುಗಳನ್ನೂ ಬಿಟ್ಟಿದ್ದೇನೆ. ಕಲಿಸಿದ ಹೆಣ್ಣುಮಗಳನ್ನು ಮಕ್ಕಳು ಕರೆಯುತ್ತಿದ್ದಂತೆಯೇ ‘ಅಕ್ಕ’ ಎನ್ನುತ್ತೇನೆ. ಕರಕುಶಲ ಕಲಿಸಲು ಹೊರಟವರಿಗೆ ಪಾಠದ ಕ್ರಮ, ಸಾಮಗ್ರಿ, ಖರ್ಚಿನ ಪಟ್ಟಿ ಸಿದ್ಧಪಡಿಸಿಕೊಳ್ಳಲು ನೆರವಾಗುವುದು ನನ್ನ ಕೆಲಸ. ಈ ಶಿಬಿರದುದ್ದಕ್ಕೂ ಅಕ್ಕ ಫೋನಿನಲ್ಲಿ ಮಾತನಾಡುತ್ತಿದ್ದರು, ಫೋಟೋ ಕಳುಹಿಸುತ್ತಿದ್ದರು, ನಡುವೆ ನಾನು ಹೋಗಿ ನೋಡಿಯೂ ಬಂದೆ.

ಹಿನ್ನೆಲೆ

ಅಕ್ಕ ಕ್ವಿಲ್ಲಿಂಗ್ ಕಲಿತದ್ದು ಮೊಬೈಲಿನ ವಿಡಿಯೋ ನೋಡಿ. ಕಾಗದದ ಜುಮುಕಿ ಮಾಡಿ ಅಕ್ಕಪಕ್ಕದವರಿಗೆ, ತವರೂರಿನ ಜಾತ್ರೆಯಲ್ಲಿ ಮಾರುತ್ತಿದ್ದರು. ಕೈ ಚೊಕ್ಕವಾಗಿತ್ತು, ಆದರೆ ಒಬ್ಬರಿಗೂ ಕಲಿಸಿದ ಅನುಭವವಿರಲಿಲ್ಲ. ಗ್ರಂಥಾಲಯದ ಮೇಲ್ವಿಚಾರಕರು ಅವರ ಜುಮುಕಿ ನೋಡಿ, ಶಿಬಿರದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೀರಾ ಎಂದು ಕೇಳಿದರು. ಹತ್ತು ತರಗತಿ, ಒಂದೊಂದೂ ಒಂದೂವರೆ ಗಂಟೆ. ನಾಲ್ಕರಿಂದ ಎಂಟನೆಯ ತರಗತಿವರೆಗಿನ ಮೂವತ್ತು ಮಕ್ಕಳು. ಊರಿನ ಕೆಲವರು ಕೂಡಿ ಹಾಕಿದ ಹಣದಲ್ಲಿ ಈ ಕಲೆಯ ಪಾಲಿಗೆ ಬಂದದ್ದು 1,500 ರೂಪಾಯಿ.

ಕ್ವಿಲ್ಲಿಂಗ್ ನೋಡದವರಿಗೆ ಒಂದು ಮಾತು. ಸಣ್ಣ ಅಗಲದ ಕಾಗದದ ಪಟ್ಟಿಯನ್ನು ಕಡ್ಡಿಗೆ ಸುತ್ತಿ, ಸುರುಳಿಯನ್ನು ತುಸು ಬಿಚ್ಚಿಕೊಳ್ಳಲು ಬಿಟ್ಟು, ತುದಿಗೆ ಅಂಟು ಹಚ್ಚಿ, ಬೆರಳಿನಿಂದ ಚಿವುಟಿ ಹನಿ, ಕಣ್ಣು, ಎಲೆಯಂಥ ಆಕಾರ ಕೊಡುತ್ತಾರೆ. ಆ ಬಿಡಿ ಆಕಾರಗಳನ್ನು ರಟ್ಟಿನ ಮೇಲೆ ಜೋಡಿಸಿದರೆ ಹೂವೋ ನವಿಲೋ ಆಗುತ್ತದೆ. ಪಟ್ಟಿಯ ಅಗಲ ಸಾಮಾನ್ಯವಾಗಿ 3, 5 ಇಲ್ಲವೆ 10 ಮಿಲಿಮೀಟರ್.

ತೊಡಕು

ಅಕ್ಕ ಮೊದಲು ಕಳುಹಿಸಿದ ಖರ್ಚಿನ ಪಟ್ಟಿಯಲ್ಲಿ ಮೂವತ್ತು ಕಿಟ್‌ಗಳಿದ್ದವು. ಪ್ರತಿ ಕಿಟ್‌ನಲ್ಲಿ ಕಾಗದದ ಪಟ್ಟಿಗಳ ಕಟ್ಟು, ಸುತ್ತುವ ಕಡ್ಡಿ, ಸಣ್ಣ ಅಂಟಿನ ಬಾಟಲಿ, ಎರಡು ಕಾರ್ಡು. ನಗರದ ಅಂಗಡಿಯವರು ಒಂದಕ್ಕೆ 150 ರೂಪಾಯಿ ಹೇಳಿದ್ದರು. ಒಟ್ಟು 4,500 ರೂಪಾಯಿ, ಕೈಯಲ್ಲಿದ್ದ ಹಣದ ಮೂರರಷ್ಟು. ಹಾಗಾಗಿ ಹತ್ತು ಕಿಟ್ ಕೊಂಡು, ಆಸಕ್ತಿಯಿರುವ ಹತ್ತು ಮಕ್ಕಳನ್ನು ಮಾತ್ರ ಆರಿಸಿಕೊಳ್ಳುವುದೆಂದು ಅಕ್ಕ ಯೋಚಿಸಿದರು.

ಮೇಲ್ವಿಚಾರಕರು ಒಪ್ಪಲಿಲ್ಲ. “ಮೇಡಂ, ಓದಲು ಬಂದ ಮಗುವಿಗೆ ಪುಸ್ತಕ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಇಲ್ಲಿಯೂ ಹೇಳಬಾರದು” ಎಂದರು. ಈ ಪ್ರಕರಣದಲ್ಲಿ ಮುಂದೆ ಆದದ್ದೆಲ್ಲ ಈ ಒಂದು ಮಾತಿನಿಂದ ಹುಟ್ಟಿತು. ಮೂವತ್ತೂ ಮಕ್ಕಳು ಕೂರಬೇಕು ಎಂದು ಗಟ್ಟಿಯಾದ ಮೇಲೆ ಕಿಟ್ ಕೊಳ್ಳುವ ದಾರಿ ಮುಚ್ಚಿತು. ಹಣ ನಿಜವಾಗಿ ಎಲ್ಲಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಲೇಬೇಕಾಯಿತು.

ಲೆಕ್ಕ ಹಾಕಿದಾಗ ಹೊರಬಿದ್ದ ಸಂಗತಿ ನಾನು ಇಂಥ ಪ್ರತಿ ತರಗತಿಯವರಿಗೂ ಹೇಳುವಂಥದ್ದು. ಎ4 ಹಾಳೆಯ ಅಳತೆ 210 ಮತ್ತು 297 ಮಿ.ಮೀ. ಉದ್ದಕ್ಕೆ 5 ಮಿ.ಮೀ. ಅಗಲದಂತೆ ಸೀಳಿದರೆ ಒಂದು ಹಾಳೆಗೆ 42 ಪಟ್ಟಿ. ಆರು ಎಸಳು, ಒಂದು ನಡುಬೊಟ್ಟು, ನಾಲ್ಕು ಎಲೆ ಇರುವ ಒಂದು ಹೂವಿಗೆ 11 ಪಟ್ಟಿ ಬೇಕು. ಮೂವತ್ತು ಮಕ್ಕಳಿಗೆ 330. ಅಂದರೆ ಇಡೀ ತರಗತಿಯ ಒಂದು ದಿನದ ಕೆಲಸಕ್ಕೆ ಸಾಕಾಗುವುದು ಎಂಟೇ ಹಾಳೆ! ಕಾಗದ ದುಬಾರಿಯಲ್ಲ. ಆದರೆ ಒಂದು ಹಾಳೆಯನ್ನು 42 ಪಟ್ಟಿ ಮಾಡಲು 41 ಬಾರಿ ಬ್ಲೇಡು ಎಳೆಯಬೇಕು. ಎಂಟು ಹಾಳೆಗೆ 328 ಬಾರಿ, ಅದೂ ಕೂದಲೆಳೆಯಷ್ಟು ವ್ಯತ್ಯಾಸವಾಗದಂತೆ. ಅಂಗಡಿಯ ಕಿಟ್‌ಗೆ ಕೊಡುವ ಹಣದಲ್ಲಿ ಈ ಸೀಳುವ ಕೆಲಸದ ಬೆಲೆಯೂ ಸೇರಿರುತ್ತದೆ. ಕಿಟ್ ಕೊಳ್ಳದಿದ್ದರೆ ಆ ಕೆಲಸವನ್ನು ಮಾಡುವವರು ಯಾರು ಎಂಬುದೇ ಪ್ರಶ್ನೆ.

ಕಾಗದಕ್ಕಾಗಿ ಪಟ್ಟ ಪಾಡು

ಮಕ್ಕಳೇ ಕತ್ತರಿಯಿಂದ ಕತ್ತರಿಸಲಿ ಎಂಬುದು ಅಕ್ಕನ ಮೊದಲ ಪ್ರಯತ್ನ. ಪಟ್ಟಿ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಏಳು ಮಿಲಿಮೀಟರ್ ಆಯಿತು. ಅಗಲ ಏರುಪೇರಾದ ಪಟ್ಟಿಯನ್ನು ಎಷ್ಟೇ ಜಾಣ್ಮೆಯಿಂದ ಸುತ್ತಿದರೂ ಸುರುಳಿ ಸಮವಾಗಿ ಕೂರುವುದಿಲ್ಲ, ಒಂದು ಮಗ್ಗುಲಿಗೆ ವಾಲುತ್ತದೆ. ಮಕ್ಕಳಿಗೆ ಅದು ಕಾಗದದ ದೋಷ ಎಂದು ತಿಳಿಯದು. ನನಗೆ ಬರುವುದಿಲ್ಲ ಎಂದು ಮೊದಲ ದಿನವೇ ತೀರ್ಮಾನಿಸಿಬಿಡುತ್ತಾರೆ. ಕೆಟ್ಟ ಸಾಮಗ್ರಿಯಿಂದ ಆಗುವ ದೊಡ್ಡ ನಷ್ಟ ಇದು. ಅದು ಯಾವ ಖರ್ಚಿನ ಪಟ್ಟಿಯಲ್ಲೂ ಕಾಣುವುದಿಲ್ಲ.

ಆಮೇಲೆ ಅಕ್ಕ ರಾತ್ರಿ ಊಟದ ಕೆಲಸ ಮುಗಿಸಿ, ಸ್ಟೀಲ್ ಸ್ಕೇಲು ಮತ್ತು ಬ್ಲೇಡು ಹಿಡಿದು ತಾವೇ ಕತ್ತರಿಸಲು ಕುಳಿತರು. ಪಟ್ಟಿ ಅಚ್ಚುಕಟ್ಟಾಗಿ ಬಂತು. ಮರುದಿನ ಬೆಳಿಗ್ಗೆ ಹೆಬ್ಬೆರಳು ಬಗ್ಗಿಸಲಾಗದೆ ಫೋನ್ ಮಾಡಿದರು. ಆದರೂ “ಪರವಾಗಿಲ್ಲ, ದುಡ್ಡು ಉಳಿಯಿತಲ್ಲ” ಎಂದರು. ನಾನು ಇದನ್ನು ಕಟುವಾಗಿ ವಿರೋಧಿಸಿದೆ. ಹೆಂಗಸರು ನಡೆಸುವ ಎಷ್ಟೋ ತರಗತಿಗಳಲ್ಲಿ ‘ಉಳಿತಾಯ’ ಎಂದು ಬರೆದುಕೊಳ್ಳುವುದು ಒಬ್ಬ ಹೆಣ್ಣುಮಗಳ ನಿದ್ದೆಯನ್ನು. ಹತ್ತು ತರಗತಿಗೆ ಹತ್ತು ರಾತ್ರಿ ಹೀಗೆ ಕತ್ತರಿಸಿದರೆ, ಹತ್ತನೆಯ ದಿನ ಕಲಿಸುವ ಉತ್ಸಾಹ ಯಾರಿಗೆ ಉಳಿದೀತು? ಕತ್ತರಿಸುವ ಕೆಲಸ ಅಕ್ಕನ ಕೈಯಿಂದ ಹೊರಗೆ ಹೋಗದಿದ್ದರೆ ಈ ಶಿಬಿರ ಬೇಡ ಎಂದೇ ಹೇಳಿದೆ.

ಹೊರಗೆ ಎಂದರೆ ಎಲ್ಲಿಗೆ? ತಾಲ್ಲೂಕು ಕೇಂದ್ರದಲ್ಲಿ ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಅಚ್ಚು ಮಾಡುವ ಒಂದು ಮುದ್ರಣಾಲಯವಿತ್ತು. ಯುರೋಪಿನ ಕಾನ್ವೆಂಟುಗಳಲ್ಲಿ ಸನ್ಯಾಸಿನಿಯರು ಪುಸ್ತಕ ಕಟ್ಟುವಾಗ ಉಳಿದ, ಚಿನ್ನದ ಲೇಪವಿದ್ದ ಅಂಚಿನ ಚೂರುಗಳನ್ನು ಹಕ್ಕಿಯ ಗರಿಗೆ ಸುತ್ತಿ ಅಲಂಕಾರ ಮಾಡುತ್ತಿದ್ದರು ಎಂದು ಈ ಕಲೆಯ ಚರಿತ್ರೆ ಹೇಳುತ್ತದೆ. 18ನೆಯ ಶತಮಾನದ ಹೊತ್ತಿಗೆ ಇದು ಇಂಗ್ಲೆಂಡಿನ ಸಿರಿವಂತ ಹೆಂಗಸರ ಹವ್ಯಾಸವಾಯಿತು. ಹುಟ್ಟಿದ್ದು ಮಾತ್ರ ಪುಸ್ತಕ ಕಟ್ಟುವವರ ಕಸದಲ್ಲಿ. ಆದ್ದರಿಂದ ಅಚ್ಚಿನ ಅಂಗಡಿಗೆ ಹೋಗಿ ಕೇಳಿ ಎಂದು ಅಕ್ಕನಿಗೆ ಹೇಳುವಾಗ ನನಗೆ ಸಂಕೋಚವಾಗಲಿಲ್ಲ.

ಮದುವೆಯ ಕಾಲವಾದ್ದರಿಂದ ಅಲ್ಲಿ ಚೀಲಗಟ್ಟಲೆ ಕತ್ತರಿಸಿದ ಅಂಚುಗಳು ರದ್ದಿಗೆ ಹೋಗಲು ಕಾದಿದ್ದವು. ಮಾಲೀಕರು ಎರಡು ಚೀಲ ಹಾಗೆಯೇ ಕೊಟ್ಟರು. ಅಕ್ಕ ಸಂಭ್ರಮದಿಂದ ತಂದರು, ಆದರೆ ಸುತ್ತಿ ನೋಡಿದಾಗ ನಿರಾಸೆ. ಲಗ್ನಪತ್ರಿಕೆಯ ದಪ್ಪ ಕಾಗದ ಸುತ್ತುವಾಗ ಮುರಿದು ಗೆರೆ ಬಿಡುತ್ತಿತ್ತು. ಬಿಲ್ ಪುಸ್ತಕದ ಗುಲಾಬಿ, ಹಳದಿ ಕಾಗದ ತೀರಾ ತೆಳು, ಸುರುಳಿಗೆ ಬಿಗುವೇ ಇಲ್ಲ, ಚಿವುಟಿದರೆ ಕುಸಿಯುತ್ತಿತ್ತು. ಸುದ್ದಿಪತ್ರಿಕೆಯ ಕಾಗದದ ಕಥೆಯೂ ಇದೇ. ಚದರ ಮೀಟರಿಗೆ 45 ಗ್ರಾಂ ಆಸುಪಾಸಿನ ಆ ಕಾಗದ ಈ ಕೆಲಸಕ್ಕೆ ಒಗ್ಗುವುದಿಲ್ಲ. ಕೈಗೆ ಒಗ್ಗಿದ್ದು ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ 80 ಗ್ರಾಂನ ಬಣ್ಣದ ಹಾಳೆ. ಎರಡೂ ಬದಿಗೆ ಒಂದೇ ಬಣ್ಣವಿರುತ್ತದೆ, ಬಿಟ್ಟಾಗ ಬುಗ್ಗೆಯಂತೆ ತಾನೇ ತೆರೆದುಕೊಳ್ಳುತ್ತದೆ.

ಹಾಗಾಗಿ ಎರಡನೆಯ ಸಲ ಅಕ್ಕ ಮುದ್ರಣಾಲಯಕ್ಕೆ ಹೋದದ್ದು ಕಾಗದ ಬೇಡಲು ಅಲ್ಲ, ಅಲ್ಲಿನ ಕಾಗದ ಕತ್ತರಿಸುವ ಯಂತ್ರದಲ್ಲಿ ಕತ್ತರಿಸಿಕೊಡಿ ಎಂದು ಕೇಳಲು. ನೂರು ಹಾಳೆ ಜೊತೆಗಿತ್ತು. ಮಾಲೀಕರು ತಲೆಯಾಡಿಸಿದರು. “ಅರ್ಧ ಸೆಂಟಿಮೀಟರ್ ಕತ್ತರಿಸಿದರೆ ತಿರುಚಿಕೊಳ್ಳುತ್ತದೆ ತಾಯಿ. ಯಂತ್ರದ ಕೆಲಸವಲ್ಲ” ಎಂದರು. ಅವರ ಬಳಿ ಕೆಲಸಕ್ಕಿದ್ದ ಹುಡುಗ ಮಾತ್ರ, ಸ್ವಲ್ಪ ಸ್ವಲ್ಪವೇ ಇಟ್ಟು ನೋಡೋಣ ಎಂದ. ಇಪ್ಪತ್ತೈದು ಹಾಳೆ ಇಟ್ಟಾಗ ಪಟ್ಟಿಗಳು ನೆಟ್ಟಗೆ ಬಂದವು. ಕೊನೆಯ ಒಂದಿಷ್ಟು ಅಗಲವನ್ನು ಯಂತ್ರ ಹಿಡಿದುಕೊಂಡಿರಲೇಬೇಕಾದ್ದರಿಂದ ಹಾಳೆಗೆ 42ರ ಬದಲು ಸುಮಾರು 35 ಪಟ್ಟಿ ಸಿಕ್ಕಿತು. ನೂರು ಹಾಳೆಯ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಿತು. ಕೂಲಿ 100 ರೂಪಾಯಿ.

ಇಲ್ಲಿ ಅಕ್ಕ ತಾವೇ ಯೋಚಿಸಿ ಮಾಡಿದ ಒಂದು ಕೆಲಸ ನನಗೆ ತುಂಬ ಮೆಚ್ಚುಗೆಯಾಯಿತು. ಒಂದಿಷ್ಟು ಹಾಳೆಗಳನ್ನು 10 ಮಿ.ಮೀ. ಅಗಲಕ್ಕೆ ಕತ್ತರಿಸಲು ಹೇಳಿದರು. ನಾಲ್ಕು, ಐದನೆಯ ತರಗತಿಯವರ ಬೆರಳಿಗೆ ಅಗಲ ಪಟ್ಟಿಯೇ ಹಿತ. ದೊಡ್ಡವರಿಗೆ 5 ಮಿ.ಮೀ. ಮಕ್ಕಳನ್ನು ಜಾಣರು, ದಡ್ಡರು ಎಂದು ಬೇರ್ಪಡಿಸದೆ, ಪಟ್ಟಿಯ ಅಗಲದಿಂದಲೇ ಎಲ್ಲರಿಗೂ ಗೆಲುವು ಸಿಗುವಂತೆ ಮಾಡಿದ್ದು ಇದು.

ಬೆಲೆಯಿಲ್ಲದ ಸಲಕರಣೆ, ಬೆಲೆಯುಳ್ಳ ಅಂಟು

ಸುತ್ತುವ ಕಡ್ಡಿಗೆ ತೆಂಗಿನ ಪೊರಕೆಯ ಕಡ್ಡಿ ಸೀಳಿ ನೋಡಿದರು, ಬೇಗ ಮುರಿಯಿತು. ಉರಿದು ಉಳಿದ ಊದುಬತ್ತಿಯ ಕಡ್ಡಿ ಬಿದಿರಿನದು, ಎಳೆಯ ಗುಂಟ ನೇರವಾಗಿ ಸೀಳುತ್ತದೆ. ದೇವಸ್ಥಾನದ ಅರ್ಚಕರು ಒಂದು ಹಿಡಿ ಕೊಟ್ಟರು. ತುದಿಯನ್ನು ಒಂದು ಸೆಂಟಿಮೀಟರಿನಷ್ಟು ಬ್ಲೇಡಿನಿಂದ ಸೀಳುವ ಕೆಲಸವನ್ನು ದೊಡ್ಡವರೇ ಮುಂಚಿತವಾಗಿ ಮಾಡಿಟ್ಟರು. ಶಿಬಿರದ ಕೋಣೆಯೊಳಗೆ ಬ್ಲೇಡು ಬರಲೇ ಇಲ್ಲ.

ಸುರುಳಿಗಳೆಲ್ಲ ಒಂದೇ ಅಳತೆಯಲ್ಲಿ ತೆರೆದುಕೊಳ್ಳಲು ಅಂಗಡಿಯಲ್ಲಿ ತೂತುಗಳಿರುವ ಫಲಕ ಸಿಗುತ್ತದೆ. ಇಲ್ಲಿ ವಿದ್ಯುತ್ ಕೆಲಸದವರ ಬಳಿ ಉಳಿದಿದ್ದ ಮುಕ್ಕಾಲು ಇಂಚಿನ ವೈರಿಂಗ್ ಪೈಪಿನ ತುಂಡನ್ನು ಸಣ್ಣ ಸಣ್ಣ ಉಂಗುರಗಳಾಗಿ ಕೊಯ್ಯಿಸಿದರು. ಸುರುಳಿಯನ್ನು ಉಂಗುರದೊಳಗೆ ಬಿಟ್ಟರೆ ಗೋಡೆಗೆ ತಾಗುವವರೆಗೆ ಬಿಚ್ಚಿಕೊಂಡು ನಿಲ್ಲುತ್ತದೆ. ಆರು ಎಸಳೂ ಸಮ.

ಅಂಟಿನ ವಿಷಯ ಇಷ್ಟು ಸಲೀಸಾಗಲಿಲ್ಲ. ಖರ್ಚು ಇಳಿಸಲು ಅಕ್ಕ ಮನೆಯಲ್ಲಿ ಮೈದಾ ಅಂಟು ಕಾಯಿಸಿ ತಂದರು. ಅದರ ನೀರಿಗೆ ಪಟ್ಟಿ ನೆನೆದು ಮೆತ್ತಗಾಯಿತು. ಹಿಡಿದುಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಿತು, ಅಷ್ಟರಲ್ಲಿ ಸುರುಳಿ ಬಿಚ್ಚಿಹೋಗುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ಮೇಜಿನ ಮೇಲಿಟ್ಟಿದ್ದ ಹೂವುಗಳಿಗೆ ಇರುವೆ ಮುತ್ತಿತ್ತು. ಮೇಲ್ವಿಚಾರಕರು ಗಾಬರಿಯಾದರು, ಅದು ನ್ಯಾಯವೇ. ಹಿಟ್ಟಿನ ಅಂಟಿಗೆ ಬರುವ ಹುಳು ಪುಸ್ತಕದ ರಟ್ಟನ್ನೂ ಬಿಡುವುದಿಲ್ಲ. ಪುಸ್ತಕ ಕಟ್ಟುವವರು ಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸುವುದು ಈ ಕಾರಣಕ್ಕೇ. ಆದರೆ ಅದು ವಿಷ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಮೈದಾ ಅಂಟು ಅಲ್ಲಿಗೆ ಮುಗಿಯಿತು.

ಅರ್ಧ ಕಿಲೋ ಫೆವಿಕಾಲ್ ಒಂದೇ ಡಬ್ಬಿ ತಂದರು. ನಾಲ್ವರ ಗುಂಪಿಗೆ ಬಾಟಲಿಯ ಒಂದು ಮುಚ್ಚಳದಲ್ಲಿ ತುಸು ಅಂಟು, ಹಚ್ಚಲು ಒಂದೇ ಒಂದು ಬೆಂಕಿಕಡ್ಡಿ. ಮುಚ್ಚಳ ಖಾಲಿಯಾದರೆ ತುಂಬಿಸಿಕೊಳ್ಳಲು ಗುಂಪಿನ ಒಬ್ಬರು ಮಾತ್ರ ಏಳಬೇಕು. ಖರ್ಚು ಹಿಡಿತಕ್ಕೆ ಬರಲೆಂದು ಮಾಡಿದ ಈ ಕಟ್ಟಳೆಯಿಂದ ಬೇರೆಯೇ ಒಂದು ಲಾಭವಾಯಿತು. ಕಡ್ಡಿ ಒಂದೇ ಆದ್ದರಿಂದ ಒಬ್ಬರು ಹಚ್ಚುವಾಗ ಉಳಿದ ಮೂವರು ಕಾಯಬೇಕು, ಕಾಯುವವರು ಪಕ್ಕದವರ ಕೈ ನೋಡಬೇಕು. ತಮಗೆ ತಿಳಿದದ್ದನ್ನು ಅವರು ಅಲ್ಲಿಯೇ ಒಬ್ಬರಿಗೊಬ್ಬರು ಹೇಳಿಕೊಡತೊಡಗಿದರು. ನಾನು ನೋಡಲು ಹೋದ ದಿನ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಏಳನೆಯ ತರಗತಿಯ ಹುಡುಗನಿಗೆ, “ಈಗಲೇ ಚಿವುಟಬೇಡ ಅಣ್ಣ, ಅದು ತೆರೆದುಕೊಳ್ಳಲಿ” ಎನ್ನುತ್ತಿದ್ದಳು. ಅಕ್ಕ ಮೊದಲ ದಿನದಿಂದ ಹೇಳಿ ಹೇಳಿ ಸೋತಿದ್ದ ಮಾತು ಅದು.

ಕಲಿಸುವ ಬಗೆ ಬದಲಾದದ್ದು

ಮೊದಲ ಎರಡು ದಿನ ಅಕ್ಕ ಒಂದೊಂದೇ ಆಕಾರದ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆದು, ಕೈಯೆತ್ತಿ ಮಾಡಿ ತೋರಿಸುತ್ತಿದ್ದರು. ಅರ್ಧ ಸೆಂಟಿಮೀಟರ್ ಪಟ್ಟಿಯಲ್ಲಿ ಬೆರಳು ಮಾಡುವ ಕೆಲಸ ಮೂರನೆಯ ಸಾಲಿಗೆ ಹೇಗೆ ಕಂಡೀತು? ಪ್ರತಿ ಮಗುವೂ ಎದ್ದು ಬಂದು ಮೇಜಿಗೆ ಮುತ್ತುತ್ತಿತ್ತು. ಒಂದೇ ಪಾಠವನ್ನು ಮೂವತ್ತು ಸಲ ಹೇಳಿ ಅಕ್ಕನ ಗಂಟಲು ಕಟ್ಟಿತು. ದೊಡ್ಡ ಪರದೆ, ಕ್ಯಾಮೆರಾ ಇರುವ ಕಡೆ ಇದಕ್ಕೆ ಸುಲಭದ ಪರಿಹಾರವಿದೆ. ಇಲ್ಲಿ ಅದಿಲ್ಲ.

ಪರಿಹಾರ ಅಡುಗೆಮನೆಯಿಂದ ಬಂತು. ಚಾರ್ಟ್ ಕಾಗದವನ್ನು ಐದು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ, ತುದಿಗೆ ತುದಿ ಅಂಟಿಸಿ ಉದ್ದ ಮಾಡಿ, ಲಟ್ಟಣಿಗೆಗೆ ಸುತ್ತಿ ತೋರಿಸಿ ಎಂದು ನಾನು ಸೂಚಿಸಿದ್ದೆ. ಅಕ್ಕ ಮನೆಯ ಲಟ್ಟಣಿಗೆ ತಂದರು. ಕೈ ಬಿಟ್ಟ ಕೂಡಲೇ ಬೃಹತ್ ಸುರುಳಿ ಎಲ್ಲರ ಕಣ್ಣೆದುರು ಬಿಚ್ಚಿಕೊಂಡಿತು. ಒಂದು ತುದಿ ಚಿವುಟಿದರೆ ಹನಿ, ಎರಡೂ ತುದಿ ಚಿವುಟಿದರೆ ಕಣ್ಣು. ಮೂಲೆಯಲ್ಲಿ ಕುಳಿತವರಿಗೂ ಕಾಣಿಸಿತು. ಅಂದಿನಿಂದ ಮೇಜಿಗೆ ಮುತ್ತುವುದು ನಿಂತಿತು. ಈ ಶಿಬಿರದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಎರಡು ಚಾರ್ಟ್ ಹಾಳೆಗಳು.

ಇನ್ನೊಂದು ತಿರುವು ವಿನ್ಯಾಸದ್ದು. ಅಕ್ಕ ಮೊಬೈಲಿನಿಂದ ಇಳಿಸಿಕೊಂಡಿದ್ದ ಚಿತ್ರಗಳಲ್ಲಿ ಟ್ಯೂಲಿಪ್, ಹಿಮದ ಹರಳು, ಕ್ರಿಸ್ಮಸ್ ಮರ ಇದ್ದವು. ಮಕ್ಕಳು ನಕಲು ಮಾಡಿದರು, ಆದರೆ ಎಸಳು ಎಲ್ಲಿ ಶುರುವಾಗಬೇಕು, ಎಷ್ಟು ಅಂತರ ಬಿಡಬೇಕು ಎಂದು ಪ್ರತಿಯೊಂದನ್ನೂ ಕೇಳುತ್ತಿದ್ದರು. ನಾಲ್ಕನೆಯ ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ರಟ್ಟಿನ ಮೇಲೆ ಪೆನ್ಸಿಲಿನಿಂದ ಏಳು ಚುಕ್ಕಿಯ ರಂಗೋಲಿ ಬರೆದು, ಎಳೆಗಳ ಜಾಗದಲ್ಲಿ ಕಣ್ಣಾಕಾರದ ಸುರುಳಿಗಳನ್ನು ಇಡುತ್ತಾ ಹೋದಳು. ಅಕ್ಕ ಅದನ್ನು ಕಂಡು ತಮ್ಮ ಪಾಠದ ಯೋಜನೆಯನ್ನು ಅಲ್ಲಿಗೇ ಬದಿಗಿಟ್ಟರು. ಚುಕ್ಕಿ ಇಡುವುದು, ಸಮ ಅಂತರ, ನಾಲ್ಕೂ ದಿಕ್ಕಿಗೆ ಒಂದೇ ರೂಪ, ಇವೆಲ್ಲ ಆ ಮಕ್ಕಳಿಗೆ ಬಾಗಿಲ ಮುಂದೆ ನಿತ್ಯ ನೋಡಿ ಗೊತ್ತು. ಕಲಿಯಬೇಕಾದದ್ದು ಸುರುಳಿಯೊಂದೇ ಆಯಿತು. ಸಿದ್ಧ ಯೋಜನೆಯನ್ನು ಒಂದು ಮಗುವಿನ ರಟ್ಟು ನೋಡಿ ಬಿಟ್ಟುಕೊಡಲು ಧೈರ್ಯ ಬೇಕು, ಹೊಸದಾಗಿ ಕಲಿಸುವವರಿಗೆ ಇನ್ನೂ ಹೆಚ್ಚು ಬೇಕು. ಅಕ್ಕನ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆ ದಿನ.

ಕೊನೆಯ ಮೂರು ತರಗತಿಗಳಲ್ಲಿ ಎಲ್ಲರೂ ಸೇರಿ ಗ್ರಂಥಾಲಯದ ಗೋಡೆಗೆ ಒಂದು ದೊಡ್ಡ ರಂಗೋಲಿ ಫಲಕ ಮಾಡಬೇಕೆಂದು ತೀರ್ಮಾನವಾಯಿತು. ಆದರೆ ಕೆಲವರು ಸುರುಳಿಗಳನ್ನು ಜೇಬಿಗಿಳಿಸಿ ಒಯ್ಯತೊಡಗಿದರು. ಅಕ್ಕ ಗದರಿಸದೆ ಕಾರಣ ಕೇಳಿದರು. ಮನೆಯಲ್ಲಿ ತೋರಿಸಲು ಏನೂ ಇಲ್ಲವಂತೆ. ಆಗ ಮುದ್ರಣಾಲಯದ ಆ ಎರಡು ಚೀಲ ನೆರವಿಗೆ ಬಂತು. ಸುತ್ತಲು ಬಾರದ ದಪ್ಪ ಕಾಗದ ಮತ್ತು ಮನೆಮನೆಯ ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಶುಭಾಶಯ ಪತ್ರಗಳಿಗೆ ಹೇಳಿ ಮಾಡಿಸಿದಂತಿದ್ದವು. ಪ್ರತಿ ಮಗುವೂ ಒಂದು ಪತ್ರ ಮಾಡಿ ಒಯ್ದಿತು. ಜೇಬುಗಳು ಖಾಲಿಯಾದವು.

ಫಲಿತಾಂಶ

ಮೂವತ್ತರಲ್ಲಿ ಇಪ್ಪತ್ತನಾಲ್ಕು ಮಕ್ಕಳು ಕೊನೆಯವರೆಗೆ ಬಂದರು. ಬಿಟ್ಟವರಲ್ಲಿ ಹೆಚ್ಚಿನವರು ದೊಡ್ಡ ಹುಡುಗರು. ಅವರನ್ನು ಹಿಡಿದಿಡುವ ದಾರಿ ಈ ಶಿಬಿರದಲ್ಲಿ ಸಿಗಲಿಲ್ಲ. ಫಲಕ ಗೋಡೆಗೇರಿತು, ಊರಿನವರು ಬಂದು ನೋಡಿದರು. ಆದರೆ ಮಳೆಗಾಲದಲ್ಲಿ ರಟ್ಟು ಬಾಗಿ ಒಂದು ಅಂಚಿನ ಸುರುಳಿಗಳು ಉದುರಿದವು. ಪೆಟ್ಟಿಗೆಯ ಸುಕ್ಕುರಟ್ಟನ್ನು ಒಂದೇ ಪದರ ಬಳಸಿದರೆ ತೇವಕ್ಕೆ ಬಾಗುತ್ತದೆ. ಎರಡು ಪದರಗಳನ್ನು, ಒಂದರ ಸುಕ್ಕು ಅಡ್ಡಕ್ಕೆ, ಇನ್ನೊಂದರ ಸುಕ್ಕು ಉದ್ದಕ್ಕೆ ಬರುವಂತೆ ಅಂಟಿಸಿ ಒಂದು ರಾತ್ರಿ ಭಾರ ಹೇರಿಟ್ಟರೆ ಬಹುಮಟ್ಟಿಗೆ ನೆಟ್ಟಗಿರುತ್ತದೆ. ಮುಂದಿನ ಫಲಕಕ್ಕೆ ಅಕ್ಕ ಹಾಗೆಯೇ ಮಾಡಿದರು.

ದೊಡ್ಡ ಹುಡುಗಿಯರಿಗೆ ಜುಮುಕಿ ಕಲಿಯುವ ಆಸೆಯಿತ್ತು. ನಾಜೂಕಾದ ಜುಮುಕಿಗೆ 3 ಮಿ.ಮೀ. ಪಟ್ಟಿ ಬೇಕು, ಬಿಗಿ ಸುರುಳಿಯನ್ನು ಗುಮ್ಮಟದಂತೆ ಉಬ್ಬಿಸಿ ಒಳಗೆ ಅಂಟು ಬಳಿದು ರಾತ್ರಿಯಿಡೀ ಒಣಗಿಸಬೇಕು, ಮೇಲೆ ವಾರ್ನಿಷ್, ಕೊಕ್ಕೆಯ ಖರ್ಚು. ಮೂವತ್ತು ಮಕ್ಕಳ ತರಗತಿಯಲ್ಲಿ ಅದು ಬೇಡ ಎಂದು ನಾನು ಹೇಳಿದ್ದೆ. ಅಕ್ಕ ಶಿಬಿರದಲ್ಲಿ ಕಲಿಸಲಿಲ್ಲ. ಭಾನುವಾರ ಐವರನ್ನು ಮನೆಗೆ ಕರೆದು ಹೇಳಿಕೊಟ್ಟರು. ಆ ಐವರೇ ಮುಂದೆ ಅವರಿಗೆ ಸಹಾಯಕರಾದರು.

ಇನ್ನು ಹಣ. ಕಾಗದಕ್ಕೆ 220, ಕತ್ತರಿಸುವ ಕೂಲಿ 100, ಅಂಟಿಗೆ 180, ಚಾರ್ಟ್, ಬ್ಲೇಡು, ಪೆನ್ಸಿಲಿನಂಥ ಚಿಲ್ಲರೆಗೆ 100. ಒಟ್ಟು 600 ರೂಪಾಯಿ. 900 ಉಳಿಯಿತು. ಅದರಲ್ಲಿ ಎಲ್ಲ ಮಕ್ಕಳಿಗೂ ಬಹುಮಾನ ಕೊಡೋಣ ಎಂದು ಮೇಲ್ವಿಚಾರಕರು ಹೇಳಿದರು. ಅಕ್ಕ ಕೂಡಲೇ ಒಪ್ಪಿದರು. ನಾನು ಒಪ್ಪಲಿಲ್ಲ. ಕಾಗದದಿಂದ ಬ್ಲೇಡಿನವರೆಗೆ ಎಲ್ಲದಕ್ಕೂ ಬೆಲೆ ಕಟ್ಟಿದ ಪಟ್ಟಿಯಲ್ಲಿ ಹದಿನೈದು ಗಂಟೆ ನಿಂತು ಕಲಿಸಿದವರ ಹೆಸರಿನ ಮುಂದೆ ಏನೂ ಇರಲಿಲ್ಲ. ಇದು ಯಾರ ಕೆಟ್ಟ ಮನಸ್ಸಿನಿಂದಲೂ ಆದದ್ದಲ್ಲ. ಯಾರಿಗೂ ಹೊಳೆಯಲಿಲ್ಲ, ಅಕ್ಕನಿಗೂ ಹೊಳೆಯಲಿಲ್ಲ. “ಮಕ್ಕಳಿಗೆ ಹೇಳಿಕೊಟ್ಟದ್ದಕ್ಕೆ ದುಡ್ಡು ಕೇಳುವುದೇ ಸರ್?” ಎಂದು ಸಂಕೋಚಪಟ್ಟರು. ಪುಕ್ಕಟೆ ಕಲಿಸುವುದು ಒಂದು ಸಲ ಸಾಧ್ಯ, ಎರಡು ಸಲ ಸಾಧ್ಯ. ಮೂರನೆಯ ಸಲ ಮನೆಯವರು ಪ್ರಶ್ನೆ ಕೇಳುತ್ತಾರೆ, ತರಗತಿ ನಿಲ್ಲುತ್ತದೆ, ನಷ್ಟ ಊರಿನ ಮಕ್ಕಳದ್ದು. ಇದನ್ನು ಮೇಲ್ವಿಚಾರಕರಿಗೆ ಬಿಡಿಸಿ ಹೇಳಿದಾಗ ಅವರೇ ಹಣ ಕೊಟ್ಟವರ ಬಳಿ ಮಾತನಾಡಿದರು. 900 ರೂಪಾಯಿಯೂ ಅಕ್ಕನ ಕೈಗೆ ಬಂತು. ಗಂಟೆಗೆ 60 ರೂಪಾಯಿ. ಅವರ ಕೆಲಸಕ್ಕೆ ಇದು ಕಡಿಮೆಯೇ. ಆದರೂ ಕಿಟ್ ಕೊಂಡಿದ್ದರೆ ಅಥವಾ ಅಕ್ಕನ ರಾತ್ರಿಗಳನ್ನೇ ಸುಟ್ಟು ಪಟ್ಟಿ ಮಾಡಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ.

ಇಂಥ ತರಗತಿ ನಡೆಸಲು ಹೊರಟವರು ಈ ಪ್ರಕರಣದಿಂದ ಒಯ್ಯಬೇಕಾದದ್ದು ಊದುಬತ್ತಿಯ ಕಡ್ಡಿಯನ್ನೋ ಪೈಪಿನ ಉಂಗುರವನ್ನೋ ಅಲ್ಲ, ಅವು ಊರಿಂದೂರಿಗೆ ಬದಲಾಗುತ್ತವೆ. ಕಲಿಸುವವರ ಸಮಯವನ್ನು ತಿನ್ನುವ ಕೆಲಸ ಯಾವುದು ಎಂದು ಮೊದಲು ಹುಡುಕಿ, ಹಣವನ್ನು ಅಲ್ಲಿಗೇ ಹಾಕಬೇಕು. ಕ್ವಿಲ್ಲಿಂಗ್‌ನಲ್ಲಿ ಅದು ಕತ್ತರಿಸುವಿಕೆ. ನೂರು ರೂಪಾಯಿಯ ಕೂಲಿಯನ್ನು ಉಳಿಸಲು ಹೋಗಿದ್ದರೆ ಉಳಿದ ಯಾವ ಜಾಣತನವೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಶ್ರಾವಣದ ಹೊತ್ತಿಗೆ ಪಕ್ಕದ ಊರಿನ ಮಹಿಳಾ ಸ್ವಸಹಾಯ ಸಂಘವೊಂದು ಅಕ್ಕನನ್ನು ಕರೆಯಿತು. ರಾಖಿ ಮತ್ತು ಶುಭಾಶಯ ಪತ್ರ ಮಾಡಿ ಮಾರುವ ಯೋಚನೆ ಅವರದು. ಅಕ್ಕ ಅಂದಾಜು ಪಟ್ಟಿ ಬರೆದು ನನಗೆ ಕಳುಹಿಸಿದರು. ಮೊದಲ ಸಾಲಿನಲ್ಲಿ ತಮ್ಮ ಸಂಭಾವನೆ, ಎರಡನೆಯದರಲ್ಲಿ ಮುದ್ರಣಾಲಯದ ಕೂಲಿ, ಮೂರನೆಯದರಲ್ಲಿ ಸಹಾಯಕ್ಕೆ ಬರುವ ಇಬ್ಬರು ಹುಡುಗಿಯರ ಬಸ್ ಖರ್ಚು. ಕಾಗದ, ಅಂಟು ಅದರ ಕೆಳಗಿದ್ದವು. ನಾನು ಏನನ್ನೂ ತಿದ್ದದೆ ಹಿಂದಿರುಗಿಸಿದೆ.